ಗಾಣಕ್ಕೆ ಬಂದ ತವರಿನ ಎತ್ತು

ನಾನು ಇರಕಲ್ಲಗಡದಿಂದ ಯಲಬುರ್ಗಾದ ಗಾಣಿಗರ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಕಾಲ. ಓಣಿಗೆಲ್ಲ ಕುಸುಬಿ ಎಣ್ಣೆ ನಮ್ಮ ಗಾಣದ್ದೇ. ಮಾವನವರ ಎದುರು ಸೊಸೆ ದನಿ ಎತ್ತಬಾರದೆಂಬುದು ಆ ಮನೆಯ ರೀತಿ. ಹಾಗಾಗಿ ನನ್ನ ದನಿ ಹೇಗಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ದೀಪಾವಳಿ ಹತ್ತಿರವಾದಾಗ ಗಾಣದ ಎತ್ತಿನ ಕಾಲು ಉಳುಕಿತು. ಸುದ್ದಿ ತಿಳಿದ ನನ್ನಪ್ಪ, ನಾನೇ ಸಾಕಿ ಬೆಳೆಸಿದ್ದ ಬಿಳಿ ಎತ್ತನ್ನು ಕಳಿಸಿಕೊಟ್ಟ. ಮಾವನವರು ಅದರ ಕಣ್ಣಿಗೆ ಬಟ್ಟೆ ಕಟ್ಟಿ ಗಾಣಕ್ಕೆ ಹೂಡಿದರು. ಅದು ನಿಂತಲ್ಲೇ ನಿಂತಿತು. ಬೈದರು, ಬೆನ್ನು ತಟ್ಟಿದರು, ಬೆಲ್ಲ ತಿನ್ನಿಸಿದರು. ಬೆಲ್ಲ ತಿಂದು ಮತ್ತೆ ನಿಂತಿತು. ಎಣ್ಣೆಗೆ ಬಂದವರು ಅಂಗಳದಲ್ಲಿ ನಗತೊಡಗಿದರು.

ಒಳಗಿದ್ದ ಅತ್ತೆ ನನ್ನತ್ತ ತಿರುಗಿ, "ನಿನ್ನ ತವರಿನ ಎತ್ತು. ನೀನ ಒಂದ್ಸಲ ಕರಿಯವಾ," ಎಂದರು.

"ಮಾವಾರು ಅದಾರಲ್ರಿ," ಎಂದೆ.

"ಇರಲಿ ಬಿಡು. ಎಣ್ಣಿ ಇಲ್ದ ದೀಪ ಹತ್ತೂದಿಲ್ಲ."

ಸೆರಗು ಹೊದ್ದು ಬಾಗಿಲಿಗೆ ಬಂದು ಕೂಗಿದೆ: "ನಡಿಯೋ ನನ್ನಪ್ಪ, ನಡಿ!"

ಎತ್ತಿನ ಕಿವಿ ನಿಮಿರಿತು. ಹೆಜ್ಜೆ ಹಾಕಿತು, ಗಾಣ ಕಿರುಗುಟ್ಟಿತು. ನಾನು ಸುಮ್ಮನಾದರೆ ಅದೂ ನಿಲ್ಲುತ್ತಿತ್ತು. ಅದಕ್ಕೇ ತವರಿನಲ್ಲಿ ಬೀಸುವಾಗ ಹಾಡುತ್ತಿದ್ದ ಪದಗಳನ್ನೆಲ್ಲ ಹಾಡಿದೆ.

ಮಾವನವರು ಬೆವರು ಒರೆಸಿಕೊಂಡು ಜೋರಾಗಿ ನಕ್ಕರು. "ಇಷ್ಟ ಛಲೋ ದನಿ ಇಟ್ಕೊಂಡು ಸುಮ್ನ ಕುಂತಿದ್ಯಲ್ಲವಾ! ಬಾ, ಹಲಗಿ ಮ್ಯಾಲ ಕೂಡು."

ಎತ್ತಿನ ಹಿಂದೆ ಸುತ್ತುವ ಆ ಹಲಗೆಯ ಮೇಲೆ ಕುಳಿತು ಸಂಜೆಯವರೆಗೆ ಹಾಡಿದೆ. ಇಳಿದಾಗ ನೆಲವೇ ತಿರುಗುತ್ತಿತ್ತು. ಅತ್ತೆ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.