ನೀರಿನ ಮಟ್ಟ, ನನ್ನ ಮಟ್ಟ

ಬಾಯ್ಲರಿನ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದು ಈ ಜನ್ಮದಲ್ಲಿ ಸಾಧ್ಯವಿಲ್ಲವೆಂದು ಅಪ್ಪಣೆ ಕೊಡಿಸಿದವರು ಭದ್ರಾವತಿಯಲ್ಲಿ ನಾನಿದ್ದ ಕಾರ್ಖಾನೆಯ ಹೆಡ್ ಫಿಟ್ಟರ್ ನಂಜಪ್ಪನವರು. ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಏರುತ್ತಿತ್ತು, ಇಳಿಯುತ್ತಿತ್ತು. ನೋಡುತ್ತ ಕೂತವರಿಗೆ ತೊಟ್ಟಿಲು ತೂಗಿದಂತಾಗಿ ನಿದ್ದೆ ಬರಬೇಕು. ನನಗೆ ಮಾತ್ರ ಬರುತ್ತಿರಲಿಲ್ಲ. ನವುಲೆಯ ಬೇಸಾಯದ ಮನೆಯಲ್ಲಿ ಮೊಟ್ಟಮೊದಲು ಬಿ.ಇ. ಎಂಬ ಎರಡಕ್ಷರ ಗಳಿಸಿ, ಅದನ್ನು ಹೆಸರಿನ ಮುಂದೆ ಅಂಟಿಸಿಕೊಂಡು ಎದೆಯುಬ್ಬಿಸಿ ತರಬೇತಿಗೆ ಬಂದಿದ್ದ ನನಗೆ, "ಈ ನೀರು ನಿಲ್ಲಲಿ, ಆಮೇಲೆ ಸರ್ಟಿಫಿಕೇಟಿನ ಮಾತು" ಎಂದು ದೊಡ್ಡ ಇಂಜಿನಿಯರು ಹೇಳಿಬಿಟ್ಟಿದ್ದರು. ಸರ್ಟಿಫಿಕೇಟಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದ ಪದವೀಧರನಿಗಿಂತ ನಮ್ಮೂರಲ್ಲಿ ಎತ್ತಿಗೆ ಮರ್ಯಾದೆ ಹೆಚ್ಚು, ಅದು ಗಾಡಿಯನ್ನಾದರೂ ಎಳೆಯುತ್ತದಲ್ಲ!

ಗಾಳಿಯೊತ್ತಡದಿಂದ ನಡೆಯುವ ಎರಡು ಯಂತ್ರಗಳಿದ್ದವು. ಮೇಲಿನದು ಮಟ್ಟ ನೋಡಿ 'ಇಷ್ಟು ನೀರು ಬಿಡು' ಎನ್ನಬೇಕು. ಕೆಳಗಿನದು ವಾಲ್ವನ್ನು ಆಡಿಸಿ ಅಷ್ಟನ್ನೇ ಬಿಡಬೇಕು. ಅತ್ತೆ, ಸೊಸೆ ಎನ್ನಿ. ಮಟ್ಟ ಕುಣಿಯುತ್ತದೆಂದು ಎಲ್ಲರಂತೆ ನಾನೂ ಅತ್ತೆಯ ಕಿವಿಯನ್ನೇ, ಅಂದರೆ ಮೇಲಿನ ಯಂತ್ರದ ತಿರುಪನ್ನೇ, ಹಿಂಡಿದೆ. ಹಿಂಡಿದಷ್ಟೂ ಕುಣಿತ ಹೆಚ್ಚಿತು. ಕಡೆಗೆ ಗಾಜಿನ ಮುಂದೆ ಒಬ್ಬನನ್ನು ಕಾವಲಿಟ್ಟು, ಅತ್ತೆಯ ಬಾಯಿ ಮುಚ್ಚಿಸಿ, ಸೊಸೆಗೆ ನಾನೇ ಒಂದು ಅಳತೆ ಗೊತ್ತುಮಾಡಿಕೊಟ್ಟೆ. ಆಗಲೂ ಹರಿವು ತೊದಲಿತು! ವಾಲ್ವಿನ ಕಂಬಿ ಅಂಟಿಕೊಂಡು ನಿಂತು, ಒತ್ತಡ ಏರಿದ ಮೇಲೆ ಒಮ್ಮೆಗೇ ಜಿಗಿಯುತ್ತಿತ್ತು. ಬಗ್ಗಿ ನೋಡಿದರೆ, ಆಯುಧಪೂಜೆಯಂದು ಹರಳೆಣ್ಣೆಯಲ್ಲಿ ಕಲಸಿ ಕಂಬಿಗೆ ಭಕ್ತಿಯಿಂದ ಬಳಿದ ಅರಿಶಿನ ಕುಂಕುಮ ಬಿಸಿಗೆ ಬೆಂದು ಅರಗಾಗಿ ಕೂತಿತ್ತು.

ನಾನು ಕೆರೆಯತೊಡಗಿದ್ದೇ ತಡ, ನಂಜಪ್ಪನವರು ಗದರಿದರು: "ಏನ್ ಸ್ವಾಮಿ, ಪೂಜೆ ಮಾಡಿದ್ದಕ್ಕೇ ಕೈ ಹಾಕ್ತೀರಾ?"

"ಕುಂಕುಮ ಹಣೆಗೆ ಹಚ್ತಾರೆ ನಂಜಪ್ಪನೋರೇ, ಮಂಡಿ ಕೀಲಿಗಲ್ಲ."

"ಇವ್ರ ಬಾಯಿ ನೋಡ್ರೋ ಮಾರಾಯ್ರಾ!" ಎಂದು ನಕ್ಕು, ಅವರೇ ಉಜ್ಜಲು ಎಮರಿ ಕಾಗದ ತಂದರು. ಕಂಬಿ ನುಣುಪಾದ ಮೇಲೆ ಮೊದಲು ಸೊಸೆಯನ್ನು ಹದಕ್ಕೆ ತಂದು, ಆಮೇಲೆ ಅತ್ತೆಗೆ ಮೆಲ್ಲಗೆ ಮಾತಾಡಲು ಕಲಿಸಿದೆ. ಕುಣಿಯುವುದೊಂದು, ಕುಣಿಸುವುದು ಇನ್ನೊಂದು ಎಂಬುದು ಪರೀಕ್ಷೆಯಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆಯ ಉತ್ತರ. ನೀರು ನಿಂತಿತು.

ದೊಡ್ಡ ಇಂಜಿನಿಯರು ಕೊಟ್ಟ ಸರ್ಟಿಫಿಕೇಟನ್ನು ಊರಿಗೆ ಒಯ್ದು ಅಪ್ಪನ ಕೈಗಿತ್ತೆ. ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಹಿಡಿದು, ಅಂಥದ್ದೇನು ಮಾಡಿದೆ ಎಂದು ಕೇಳಿದ. ಸಾಧ್ಯವಾದಷ್ಟು ಸರಳವಾಗಿ ವಿವರಿಸಿದೆ. ಕೇಳಿ ಮುಗಿಸಿ, ಅಪ್ಪ ನನ್ನನ್ನೂ ಕಾಗದವನ್ನೂ ಸರದಿಯಂತೆ ನೋಡಿದ.

"ನೀರು ಜಾಸ್ತಿಯಾಗ್ದಂಗೆ, ಕಮ್ಮಿಯಾಗ್ದಂಗೆ ನೋಡ್ಕೊಂಡ್ಯಾ? ಗದ್ದೇಲಿ ನಾನು ದಿನಾ ಮಾಡೋದು ಅದೇ ಅಲ್ವೇನೋ! ಅದಕ್ಕೆ ಸರ್ಟಿಫಿಕೇಟ್ ಬೇರೆ ಕೊಡ್ತಾರಾ, ಮಾರಾಯ?"