ಬೆಕ್ಕು ಒಪ್ಪಿದ ಗೊಂಜಾಳದ ದಿಂಡು

ಐದು ಕಿಲೋ ಮಣ್ಣಿಗೆ ಮುನ್ನೂರ ಅರವತ್ತು ರೂಪಾಯಿ ಕೊಟ್ಟವಳು ನಾನು. ಅಂಗಡಿಯವ ನಾನೂರು ಹೇಳಿದ್ದ, ಜಗ್ಗಾಡಿ ನಲವತ್ತು ಇಳಿಸಿದೆ. ಹಾರೂಗೇರಿ, ಮುಗಳಖೋಡ, ಕಾಗವಾಡದ ಸಂತೆಗಳಲ್ಲಿ ನೈಟಿ ಮಾರಿಯೇ ಬದುಕು ಕಟ್ಟಿಕೊಂಡವಳು, ಆದರೂ ಮಣ್ಣು ಕೊಂಡೆ. ಕಾರಣ ನಮ್ಮ ಬೆಕ್ಕು. ಯಾವುದೋ ಬೈಕು ಬಡಿದು ಅದರ ಹಿಂಗಾಲು ಮುರಿದಿತ್ತು. ದನದ ಡಾಕ್ಟರು ಪಟ್ಟಿ ಕಟ್ಟಿ, "ಕಾಲು ಕೂಡೂತನಕ ಹೊರಗ ಬಿಡಬ್ಯಾಡ್ರಿ" ಎಂದರು. ಹುಟ್ಟಿದಾಗಿನಿಂದ ಹಿತ್ತಲ ಮಣ್ಣು ಕೆದರಿ ಬೆಳೆದ ಬೆಕ್ಕು, ಚಿಕ್ಕೋಡಿಯ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಎಲ್ಲಿ ಕೆದರಬೇಕು? ಅದಕ್ಕೇ ನಿಪ್ಪಾಣಿಯಿಂದ, ಬೆಕ್ಕಿನ ಪಾಯಖಾನೆಗೆಂದೇ ಮಾರುವ ಆ ಮಣ್ಣಿನ ಚೀಲ ತಂದದ್ದು.

ಒಂದು ಅಗಲ ಬುಟ್ಟಿಗೆ ಸುರಿದಿಟ್ಟೆ. ಒದ್ದೆಯಾದರೆ ಉಂಡೆ ಕಟ್ಟುವ ಮಣ್ಣು ಅದು. ಉಂಡೆಗಳನ್ನು ಪಾಯಖಾನೆಗೆ ಸುರಿದು ನೀರು ಬಿಟ್ಟೆ. ಕರಗೀತು ಅಂದುಕೊಂಡರೆ ಪೈಪಿನೊಳಗೆ ಉಬ್ಬಿ ಕೂತಿತು. ಕೆಳಗಿನ ಮನೆಯಲ್ಲಿ ನೀರು ಮೇಲೆದ್ದಿತು. ಆ ಮನೆಯಲ್ಲಿರುವವರೇ ಮಾಲಕಿ, ನಾನು ಮಾವ್ಶಿ ಎಂದು ಕರೆಯುತ್ತೇನೆ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು.

"ಏ ಬಾಯಿ, ಮ್ಯಾಲ ಬೆಕ್ಕ ಸಾಕೀಯೋ, ಹುಲಿ ಸಾಕೀಯೋ?"

"ಪೈಪ್ ನಾನ ಬಿಡಸ್ತೇನ್ರಿ ಮಾವ್ಶಿ."

"ಪೈಪ್ ನೀ ಬಿಡಸ್ತಿ, ನಾತ ಯಾರ ಬಿಡಸ್ತಾರ? ಅಮಾಸಿಯೊಳಗ ನಾತರ ಹೋಗಬೇಕು, ಬೆಕ್ಕರ ಹೋಗಬೇಕು. ಇಲ್ಲಾಂದ್ರ ಇಬ್ಬರೂ ಕೂಡೇ ನಡೀರಿ."

ಮೂರು ಕಾಲಿನ ಮೇಲೆ ಕುಂಟುವ ಬೆಕ್ಕನ್ನು ಬೀದಿಗೆ ಬಿಟ್ಟರೆ ನಾಯಿಗಳು ಒಂದು ಸಂಜೆಯೂ ಕಾಯುವುದಿಲ್ಲ.

ಮಣ್ಣು ಬೇಡ, ಮಣ್ಣಾಗುವಂಥದ್ದು ಬೇಕು ಎಂದು ತೀರ್ಮಾನಿಸಿದೆ. ಮುಗಳಖೋಡದ ಸಂತೆ ಮುಗಿಸಿ ಬರುವಾಗ ದಾರಿಯಲ್ಲಿ ಬೆಲ್ಲದ ಗಾಣ. ರಸ ಹಿಂಡಿದ ಕಬ್ಬಿನ ಸಿಪ್ಪೆ ರಾಶಿ ಬಿದ್ದಿತ್ತು. ಬೆಕ್ಕಿನ ಬುಟ್ಟಿಗೆಂದು ಒಂದು ಚೀಲ ಕೇಳಿದೆ. ಗಾಣದವನಿಗೆ ನಗು.

"ಒಯ್ರಿ ಅಕ್ಕಾರ. ನಮಗ ಮಲಗಾಕ ಹರಕ ಚಾಪಿ, ನಿಮ್ಮ ಬೆಕ್ಕಿಗೆ ಬೆಲ್ಲದ ಗಾದಿ!"

ಪುಕ್ಕಟೆ ಸಿಕ್ಕಿತೆಂದು ಹಿಗ್ಗಿ ಬುಟ್ಟಿಗೆ ತುಂಬಿದೆ. ಬೆಳಿಗ್ಗೆ ನೋಡಿದರೆ ಕಿಟಕಿಯಿಂದ ಬುಟ್ಟಿಯವರೆಗೆ ಇರುವೆಗಳ ಕಪ್ಪು ಸಾಲು. ಸಿಪ್ಪೆಯಲ್ಲಿ ಸಿಹಿ ಉಳಿದಿತ್ತು. ಬೆಕ್ಕು ಒಂದು ಪಂಜ ಇಟ್ಟು, ಝಾಡಿಸಿ, ನನ್ನ ಮುಖ ನೋಡಿತು. ಆಮೇಲೆ ಹೋಗಿ ನೈಟಿಗಳ ಗಂಟಿನ ಮೇಲೆ ಕೆಲಸ ಮುಗಿಸಿತು. ಸಿಪ್ಪೆಯನ್ನು ತೊಳೆದು ಮಾಳಿಗೆಯ ಮೇಲೆ ಒಣಗಿಸಿದೆ. ಇರುವೆಗಳು ಹೋದವು, ಆದರೆ ನಾರೆಲ್ಲ ಕಾಲಿನ ಪಟ್ಟಿಗೆ ಸಿಕ್ಕಿಕೊಂಡಿತು. ಅದನ್ನೂ ಬಿಟ್ಟೆ.

ಹಾರೂಗೇರಿಯ ಸಂತೆಯ ದಿನ ದನದ ನುಚ್ಚು ಒಡೆಯುವ ಗಿರಣಿ ಕಂಡಿತು. ಪಕ್ಕದಲ್ಲಿ ಕಾಳು ಬಿಡಿಸಿದ ಗೊಂಜಾಳದ, ಅಂದರೆ ಮೆಕ್ಕೆಜೋಳದ, ಒಣ ದಿಂಡುಗಳು, ಒಲೆಗೆಂದು ಒಟ್ಟಿದ್ದವು. ನಮ್ಮ ಬೆಕ್ಕಿಗೆ ಬೇಕು, ಜೋಳದ ಕಾಳಿನಷ್ಟು ದಪ್ಪಗೆ ಒಡೆದುಕೊಡು ಎಂದು ಗಿರಣಿಯವನಿಗೆ ಹೇಳಿದೆ.

"ಬೆಕ್ಕ ಇದನ್ನ ತಿಂತೈತೇನ್ರಿ ಅಕ್ಕಾರ?"

"ತಿನ್ನೂದಿಲ್ಲೋ, ಮ್ಯಾಲ ಕುಂಡ್ರತೈತಿ."

"ಹಂಗಾರ ರೊಕ್ಕ ಬ್ಯಾಡ್ರಿ. ಊರಾಗ ಹೇಳ್ಕೊಂಡ ನಗಾಕರ ಆಗ್ತೈತಿ."

"ನಗೂ ನಿಂದು, ಚೀಲ ನಂದು," ಎಂದು ಹೊತ್ತು ತಂದೆ.

ಅಮಾವಾಸ್ಯೆಯ ದಿನ ಮಾವ್ಶಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮೇಲೆ ಬಂದರು. ಅದೇ ಹೊತ್ತಿಗೆ ಬೆಕ್ಕು ದಿಂಡಿನ ನುಚ್ಚು ತುಂಬಿದ ಬುಟ್ಟಿಯ ಕಡೆ ನಡೆಯಿತು. ಇಬ್ಬರೂ ಅತ್ತ ತಿರುಗಿದೆವು.

ಅಂಚಿನಲ್ಲಿ ನಿಂತು ಮೂಗು ಇಳಿಸಿ ಮೂಸಿತು. ಗಿರಾಕಿ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವಂತೆ ಒಂದು ಪಂಜದಿಂದ ನುಚ್ಚನ್ನು ತಿಕ್ಕಿ ನೋಡಿತು. ಪಟ್ಟಿಯ ಕಾಲನ್ನು ಕೋಲಿನಂತೆ ಹೊರಗೆ ಚಾಚಿ, ಮಿಕ್ಕ ಮೂರರ ಮೇಲೆ ಭಾರ ತೂಗಿ, ಕುಳಿ ತೋಡಿತು. ಕೂತಿತು. ಎದ್ದು ತಿರುಗಿ ಮುಚ್ಚತೊಡಗಿತು. ಒಂದಿಷ್ಟು ಎಳೆದು ಮೂಸುವುದು, ಸಾಲದೆಂದು ಮತ್ತಷ್ಟು ಎಳೆಯುವುದು. ನೋವಿರಲಿಲ್ಲವೇ? ಇತ್ತು, ಮೈ ನಡುಗುತ್ತಿತ್ತು. ಯಾರು ಕಲಿಸಿದ ಮರ್ಯಾದೆ ಇದು? ಜೀವಮಾನವೆಲ್ಲ ಸಂತೆಯಲ್ಲಿ ಎಂಥೆಂಥವರನ್ನು ಕಂಡಿದ್ದೇನೆ. ಮುರಿದ ಕಾಲಿನಲ್ಲೂ ತನ್ನ ಹೊಲಸನ್ನು ತಾನೇ, ಅಷ್ಟು ಶ್ರದ್ಧೆಯಿಂದ ಮುಚ್ಚುವ ಜೀವವನ್ನು ಮಾತ್ರ ಕಂಡಿರಲಿಲ್ಲ.

ಮಾವ್ಶಿಯ ಸೆರಗು ಯಾವಾಗಲೋ ಜಾರಿತ್ತು. ಬಗ್ಗಿ ಮೂಸಿದರು.

"ದನದ ಹಿಂಡಿ ವಾಸನಿ ಅಷ್ಟ ಐತಿ." ಬೆಕ್ಕಿನತ್ತ ಕೈ ಮಾಡಿದರು. "ನಮ್ಮ ಮನ್ಯಾಗಿನ ಗಂಡಸರು ಕೂತ ಜಾಗಾದಿಂದ ಚಹಾದ ಕಪ್ಪ ಎತ್ತೂದಿಲ್ಲ ಬೇ. ಇರ್ಲಿ ಬಿಡು. ಕಾಲು ಕೂಡಿದ ಮ್ಯಾಲೂ ಇಲ್ಲೇ ಇರ್ಲಿ."

ನೀವೂ ಮಾಡುವುದಾದರೆ ಕೇಳಿ. ದಿಂಡು ಖಡಕ್ಕಾಗಿ ಒಣಗಿರಬೇಕು, ಹಸಿಯಿದ್ದರೆ ಬೂಸ್ಟು ಹಿಡಿಯುತ್ತದೆ. ಧೂಳು ಜರಡಿ ಹಿಡಿದು ತೆಗೆಯಿರಿ, ಮೊದಮೊದಲು ಬೆಕ್ಕಿಗೆ ರೂಢಿಯಿದ್ದ ಮಣ್ಣು ಒಂದಿಷ್ಟು ಬೆರೆಸಿ. ನಿಪ್ಪಾಣಿ ಕಡೆಯವರು ಹುಳ ಬಾರದಿರಲೆಂದು ತಂಬಾಕಿನ ಪುಡಿ ಹಾಕೀರಿ, ಬೇಡವೇ ಬೇಡ: ಬೆಕ್ಕು ಪಂಜ ನೆಕ್ಕುತ್ತದೆ, ಅದು ವಿಷ. ಮೊಲ ಸಾಕಿದ್ದರೆ ಈ ನುಚ್ಚೂ ಬೇಡ, ತಿಂದು ಹೊಟ್ಟೆ ಕಟ್ಟಿಕೊಂಡೀತು. ಹಳೆಯ ಪೇಪರಿನ ಮೇಲೆ ಒಣಹುಲ್ಲು ಹಾಸಿದರೆ ಸಾಕು. ಹೊಲಸನ್ನು ದಿನಾ ತೆಗೆಯಿರಿ, ಬಸುರಿ ಹೆಣ್ಣುಮಕ್ಕಳ ಕೈಯಿಂದ ಮಾತ್ರ ತೆಗೆಸಬೇಡಿ, ಅದರಿಂದ ಹೊಟ್ಟೆಯ ಕೂಸಿಗೆ ರೋಗ ತಗಲೀತು. ಯಾವುದನ್ನೂ ಪಾಯಖಾನೆಗೆ ಸುರಿಯಬೇಡಿ. ಹೂವಿನ ಗಿಡದ ಹತ್ತಿರ ಆಳವಾಗಿ ಹೂಳಿ, ಕಾಯಿಪಲ್ಲೆಯಿಂದ ದೂರ. ಚೀಲಗಟ್ಟಲೆ ತರುವ ಮೊದಲು ಎರಡು ಬುಟ್ಟಿಗಳಲ್ಲಿ ಎರಡು ಬಗೆ ಹಾಕಿಟ್ಟು ನೋಡಿ; ಬೆಕ್ಕು ಯಾವುದನ್ನು ಕೆದರುತ್ತದೋ ಅದನ್ನೇ ತನ್ನಿ.