ಮುಂದಿನ ಚಕ್ರಕ್ಕೆ ಮಾವನವರ ತೂಕ

ವಿಶಾಖಪಟ್ಟಣದ ಮಧುರವಾಡದಲ್ಲಿ ಮೂರು ವರ್ಷ ಉಪ್ಪುಗಾಳಿ ಕುಡಿದ ನನ್ನ ಬೈಕು, 2016ರಲ್ಲಿ ನನ್ನ ಜೊತೆಗೇ ವಿಜಯವಾಡಕ್ಕೆ ವರ್ಗವಾಗಿ ಬಂತು. ಹೆಂಡತಿಯ ತವರಿನಲ್ಲೇ ಬಿಡಾರ. ಬಂದ ತಿಂಗಳಲ್ಲೇ ಮುಂದಿನ ಚಕ್ರ ಕರಕರ ಎನ್ನತೊಡಗಿತು. ಬೇರಿಂಗ್ ಹೋಗಿದೆ, ಆಟೋನಗರದ ಮೆಕ್ಯಾನಿಕ್ಕುಗಳ ಹತ್ತಿರ ಒಯ್ಯಿರಿ ಎಂದರು ಮಾವನವರು. ಅವರು ತೆಲುಗಿನವರು, ಕನ್ನಡದ ನಮ್ಮ ಅತ್ತೆಯನ್ನು ಮದುವೆಯಾದ ಮೇಲೆ ಕನ್ನಡ ಕಲಿತವರು. ದಾಖಲೆಯಿಲ್ಲದೆ ಸಾಲ ಕೇಳಲು ಬಂದವರನ್ನು ನೋಡಿ ನಗುವಂತೆ ನಕ್ಕೆ. ನಾನು ಬ್ಯಾಂಕ್ ಅಧಿಕಾರಿ, ಮೇಲಾಗಿ ಮೂರು ವಿಡಿಯೋ ನೋಡಿದ್ದೆ, ಇನ್ನೇನು ಬೇಕು?

ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಹಿಂದೆ ಭಾರ ಹೇರಿದರೆ ಮುಂದಿನ ಚಕ್ರ ತಾನಾಗಿ ಮೇಲೇಳುತ್ತದೆ. ಆಮೇಲೆ ಎಂಜಿನ್ನಿನ ಕೆಳಗೆ ಜಾಕು ಕೊಡಬೇಕಂತೆ. ವಿಡಿಯೋದ ಆ ಭಾಗವನ್ನು ಜಾಹೀರಾತೆಂದು ತಿಳಿದು ಓಡಿಸಿಬಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅಕ್ಕಿ ಮೂಟೆ ಹೊತ್ತು ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಹೊರಟಾಗ ಅತ್ತೆ ಬಾಗಿಲಲ್ಲೇ ತಡೆದರು. ಜನ ಕೂರುವ ಸೀಟಿನ ಮೇಲೆ ಉಣ್ಣುವ ಅಕ್ಕಿ ಇಡುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. ಕೊನೆಗೆ ಮಾವನವರೇ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಕೆಳಗಿಳಿದು ಬಂದು ಸೀಟಿನ ತುದಿಯಲ್ಲಿ ಕೂತರು. ಬೆನ್ನಿನ ಡಿಸ್ಕ್ ಜಾರಿ, ಒರಗದೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದೆಂದು ಡಾಕ್ಟರು ಎಚ್ಚರಿಸಿದ್ದ ಮನುಷ್ಯ. ಐದೇ ನಿಮಿಷ ಎಂದೆ.

ಚಕ್ರ ಬಿಚ್ಚಿದೆ, ಹಳೆಯ ಬೇರಿಂಗ್ ಬಡಿದು ತೆಗೆದೆ. ತಂದಿಟ್ಟಿದ್ದ ಹೊಸದರ ಅಳತೆಯೇ ಬೇರೆ. ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಅಂಗಡಿಯವನನ್ನು ಬೈದೆ. ಆಮೇಲೆ ತಲೆಯೆತ್ತಿ ನೋಡಿದೆ. ಮಾವನವರು ಇಳಿದರೆ ಬೈಕು ಮೂತಿ ಕುಟ್ಟಿಕೊಂಡು ನೆಲಕ್ಕೆ ಬೀಳುತ್ತದೆ. ಮಾವನಿಗೆ ಏಳಬೇಡಿ ಎಂದು ಅಪ್ಪಣೆ ಕೊಟ್ಟ ಅಳಿಯ ನಮ್ಮ ವಂಶದಲ್ಲಿ ನಾನೇ ಮೊದಲಿನವನಿರಬೇಕು.

“ಪರ್ವಾಲೇದು, ಪರವಾಗಿಲ್ಲ, ಬೇರಿಂಗ್ ಬದಲಿಸಿಕೊಂಡು ಬನ್ನಿ,” ಎಂದರು ಮಾವನವರು.

ನಾನು ಹತ್ತಿದ ಆಟೋ, ಬೆಂಜ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿ ಕೂತು ಅವರ ಬೆನ್ನನ್ನು ನೆನೆದು ಹೆದರಿದೆ. ಸರಿಯಾದ ಬೇರಿಂಗ್ ಹಿಡಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ಮಾವನವರು ಹಾಗೇ ಕೂತಿದ್ದರು. ಅಂಗಿಯೆಲ್ಲ ಬೆವರು, ಮುಂದಿನ ಚಕ್ರವೇ ಇಲ್ಲದ ಬೈಕಿನ ಮೇಲೆ, ಹೋಗಿಬರುವವರ ನಮಸ್ಕಾರ ಸ್ವೀಕರಿಸುತ್ತ. ಬಗ್ಗಿ ನೋಡಿದರೆ ಎಂಜಿನ್ನಿನ ಕೆಳಗೆ ಇಟ್ಟಿಗೆ ಪೇರಿಸಿ ಹಲಗೆ ಕೊಟ್ಟಿತ್ತು. ನಾನು ಹೋದ ಐದು ನಿಮಿಷಕ್ಕೇ ತಾನು ಇಟ್ಟದ್ದೆಂದೂ, ಇಳಿಯಿರಿ ಎಂದರೆ ಇವರು ಕೇಳಲಿಲ್ಲವೆಂದೂ ವಾಚ್‌ಮನ್ ದೂರಿದ. ಯಾಕೆ ಇಳಿಯಲಿಲ್ಲ ಎಂದು ಮಾವನವರನ್ನು ಕೇಳಿದೆ.

“ನಮ್ಮ ಅಲ್ಲುಡುಗಾರು ಸ್ವಂತ ರಿಪೇರಿ ಮಾಡ್ತಿದಾರೆ ಅಂತ ಎಲ್ಲರಿಗೂ ಹೇಳಿದ್ದೆನಂಡಿ. ನಾನು ಇಳಿದು ಹೋದ್ರೆ, ಬೈಕ್ ಇಟ್ಟಿಗೆ ಮೇಲೆ ಬಿಟ್ಟು ಅಳಿಯ ಓಡಿಹೋದ್ರು ಅಂತಾರಲ್ಲ.”

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಇಳಿಸಿದಾಗ ಬೆನ್ನು ನೆಟ್ಟಗಾಗಲಿಲ್ಲ. ನನ್ನ ಹೆಗಲು ಹಿಡಿದು, ಟೈರು ಪರೀಕ್ಷಿಸುವವರಂತೆ ಬಗ್ಗಿಯೇ ನಿಂತರು.

ಚಕ್ರ ಕೂತಿತು, ಕರಕರ ನಿಂತಿತು. ಬನ್ನಿ, ಒಂದು ಸುತ್ತು ಹೋಗೋಣ ಎಂದು ಕರೆದೆ. ಅವರು ಸುತ್ತ ನೋಡಿ, ವಾಚ್‌ಮನ್ ದೂರವಿದ್ದಾನೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

“ಮೊದಲು ಆಟೋನಗರದಲ್ಲಿ ಒಂದು ಸಲ ತೋರಿಸಿ. ಆಮೇಲೆ ಕೂರ್ತೀನಿ.”